ಮರ್ವಿನ್ ಮಾವನಿಗೆ ಬಾರದ ಗೊಂಬೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪಕ್ಕದಲ್ಲಿ ನಮ್ಮ ಹೋಪಿ ಬುಡಕಟ್ಟಿನ ಮಕ್ಕಳು ಯಾರಾದರೂ ಆಡಿಕೊಂಡಿದ್ದರೆ ಇದನ್ನು ಗಟ್ಟಿಯಾಗಿ ಓದಬೇಡಿ. ದೀಕ್ಷೆ ಆಗುವ ತನಕ ಅವರ ಕಿವಿಗೆ ಬೀಳಬಾರದ ಸಂಗತಿಯೊಂದು ಇದರೊಳಗಿದೆ. ಬರೆಯಲೋ ಬೇಡವೋ ಎಂದು ನಾನೂ ಬಹಳ ದಿನ ಒದ್ದಾಡಿದೆ. ಕೊನೆಗೆ ಮರ್ವಿನ್ ಮಾವನನ್ನೇ ಕೇಳಿದೆ. ಆತ ಮೆಕ್ಕೆಜೋಳದ ಹೊಲದಲ್ಲಿ ಮರಳಿಗೆ ಕೋಲು ಚುಚ್ಚಿ ಬೀಜ ಬಿಡುತ್ತಿದ್ದ. ತಲೆ ಎತ್ತದೆ, "ನನ್ನ ವಿಷಯ ಎಷ್ಟು ಬೇಕಾದ್ರೂ ಬರಿ. ಅವರ ವಿಷಯ ಬರೀಬೇಡ" ಅಂದ. ಅವರು ಅಂದರೆ ಕಟ್ಸಿನಗಳು, ನಮಗೆ ಮಳೆ ತರುವ ದೈವಗಳು. ಹಾಗಾಗಿ ಇದು ಮಾವನ ಕಥೆ ಮಾತ್ರ.

ಜುಲೈ ತಿಂಗಳು. ಚಳಿಗಾಲದಿಂದ ನಮ್ಮ ಜೊತೆಗಿದ್ದ ಕಟ್ಸಿನಗಳು ಹಿಮಶಿಖರಗಳಲ್ಲಿರುವ ತಮ್ಮ ಮನೆಗೆ ಹಿಂತಿರುಗುವ ಕಾಲ. ಬೀಳ್ಕೊಡುಗೆಯ ಕುಣಿತಕ್ಕೆ ಮೂರೇ ದಿನ ಉಳಿದಿತ್ತು. ಅಮ್ಮ ಹಿತ್ತಲಿನ ಗೂಡಿನಲ್ಲಿ ಕಾದ ಕಲ್ಲಿನ ಮುಂದೆ ಕೂತು ಪಿಕಿ ಮಾಡುತ್ತಿದ್ದಳು. ನೀಲಿ ಜೋಳದ ತೆಳು ಹಿಟ್ಟನ್ನು ಬರಿಗೈಯಲ್ಲಿ ಕಲ್ಲಿನ ಮೇಲೆ ಸವರಬೇಕು, ಕಾಗದದಂತೆ ಏಳುತ್ತಲೇ ಸುತ್ತಿಡಬೇಕು. ಮಾತಾಡಿಸಿದರೂ ಕೈ ನಿಲ್ಲುವ ಹಾಗಿಲ್ಲ. ನಾನು ಪಕ್ಕದಲ್ಲಿ ಕೂತು ಸುತ್ತಿಡುತ್ತ, ಆಕಾಶ ನೋಡುತ್ತ, ಕಾಡ್ಗಿಚ್ಚು ಆರಿಸುವ ಪಡೆಯಲ್ಲಿರುವ ನನ್ನ ಗಂಡನಿಂದ ಬೆಳಗಿನಿಂದ ಕರೆ ಬಂದಿಲ್ಲವಲ್ಲ ಎಂದು ಗಳಿಗೆಗೊಮ್ಮೆ ಫೋನು ನೋಡುತ್ತಿದ್ದೆ.

ಅಷ್ಟರಲ್ಲಿ ನನ್ನ ಮಗಳು ನೂವಾ ತೋರುಬೆರಳನ್ನು ಎತ್ತಿ ಹಿಡಿದುಕೊಂಡು ಬಂದಳು. ಐದು ತುಂಬಿದ ಹುಡುಗಿ. ಬೆರಳ ತುದಿ ಹಸಿರು ಬೆರೆತ ನೀಲಿ.

"ಅಮ್ಮಾ, ಇದು ಹೋಗ್ತಾನೇ ಇಲ್ಲ."

ನನಗೆ ಮೊದಲು ಹೊಳೆದದ್ದು ವಿಷ. ಬಣ್ಣದಲ್ಲಿ ಸೀಸ ಇರುತ್ತದೆ, ಇವಳು ಬೆರಳು ಬಾಯಿಗಿಡುತ್ತಾಳೆ. "ಬಾಯಿಗೆ ಹಾಕಿದ್ಯಾ? ನಾಲಿಗೆ ತೋರಿಸು! ಏನು ಮುಟ್ಟಿದೆ?"

"ಮಾವನ ಹತ್ರ ಇರೋ ಗೊಂಬೇನ. ಅದರ ಹೊಟ್ಟೇನ."

ಅಮ್ಮನ ಕೈ ಕಲ್ಲಿನ ಮೇಲೆಯೇ ನಿಂತುಬಿಟ್ಟಿತು. ಹಿಟ್ಟು ಸೀದ ವಾಸನೆ ಬಂದಮೇಲೆ ಆಕೆ ಕೈ ತೆಗೆದಳು. ಅಂಗೈ ಒದ್ದೆ ಬಟ್ಟೆಯಲ್ಲಿ ಒತ್ತಿಕೊಂಡು ನನ್ನನ್ನು ನೋಡಿದಳು. ಆ ನೋಟ ನನಗೆ ಅರ್ಥವಾಯಿತು: ಮಾತಾಡಬೇಡ.

ಕುಣಿತದ ದಿನ ಊರಿನ ಪ್ರತಿ ಹುಡುಗಿಗೂ ಕಟ್ಸಿನಗಳು ಗೊಂಬೆ ಕೊಡುತ್ತಾರೆ. ಅದನ್ನು ತರುವವರು ಅವರು, ಹುಡುಗಿಯ ಹೆಸರು ಗೊತ್ತಿರುವುದು ಅವರಿಗೆ, ಅವಳು ಚೆನ್ನಾಗಿ ಬೆಳೆಯಲಿ ಎಂಬ ಹರಕೆ ಅವರದ್ದು. ಮಗುವಿಗೆ ಗೊತ್ತಿರಬೇಕಾದದ್ದು ಇಷ್ಟೇ. ಯಾವ ಮಾವ ಯಾವ ಕೊಟ್ಟಿಗೆಯಲ್ಲಿ ಚಾಕು ಹಿಡಿದು ಕೂರುತ್ತಾನೆ ಎಂಬುದು ದೊಡ್ಡವರು ಬಾಯಿ ಬಿಡದ ವಿಷಯ. ಅದನ್ನು ತಿಳಿಸುವುದಕ್ಕೆ ಒಂದು ದಿನವಿದೆ, ಅದಕ್ಕೆ ಉಪವಾಸವಿದೆ, ಕೈಹಿಡಿದು ಒಳಗೆ ಕರೆದೊಯ್ಯುವ ದೀಕ್ಷೆಯ ತಾಯಿಯಿದ್ದಾಳೆ. ನೂವಾಳ ಆ ದಿನಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಇನ್ನು ಮೂರು ದಿನಕ್ಕೆ ಅಂಗಳದಲ್ಲಿ, ಊರೆಲ್ಲ ಕೂತಿರುವಾಗ, ಮಕ್ಕಳೆಲ್ಲ ಸಾಲಾಗಿ ನಿಂತಿರುವಾಗ, ತಾನು ಬೆರಳಿಟ್ಟ ಅದೇ ಗೊಂಬೆ ಅವಳ ಕೈಗೆ ಬಂದರೆ? "ಇದು ನಮ್ಮ ಮಾವ ಮಾಡಿದ್ದು" ಎಂದು ಅವಳು ಕೂಗಿದರೆ? ಅವಳದ್ದಷ್ಟೇ ಅಲ್ಲ, ಅಲ್ಲಿದ್ದ ಅಷ್ಟೂ ಮಕ್ಕಳ ದೀಕ್ಷೆಯ ದಿನ ಅಲ್ಲಿಗೆ ಹಾಳಾದಂತೆ.

ನಾನು ಎದ್ದು ಕೊಟ್ಟಿಗೆಗೆ ಓಡಿದೆ.

ಮರ್ವಿನ್ ಅಮ್ಮನ ಅಣ್ಣ. ನಮ್ಮಲ್ಲಿ ಮನೆ, ಹೊಲ, ಕುಲ ಎಲ್ಲ ತಾಯಿಯ ಕಡೆಯಿಂದ ಬರುವುದರಿಂದ ಮನೆಯ ಗಂಡಸು ಅಂದರೆ ಸೋದರಮಾವನೇ. ನನಗೂ ಮಾವ, ನನ್ನ ಮಗಳಿಗೂ ಮಾವ. ಮೂವತ್ತು ವರ್ಷಕ್ಕೂ ಮೇಲೆ ಶಾಲೆಯ ಬಸ್ಸು ಓಡಿಸಿದವನು. ನಮ್ಮ ಊರಿರುವ ಚಪ್ಪಟೆ ಗುಡ್ಡ ಮೇಸಾದ ಕಡಿದಾದ ದಾರಿಯಲ್ಲಿ ಹಿಮ ಬಿದ್ದ ದಿನ ಮಕ್ಕಳನ್ನೆಲ್ಲ ಬಸ್ಸಿನ ಒಂದೇ ಪಕ್ಕಕ್ಕೆ ಕೂರಿಸಿ, "ಯಾರೂ ಸೀನಬೇಡಿ" ಎಂದು ಹೇಳಿ ಇಳಿಸುತ್ತಿದ್ದ. ಈಗ ಅಜ್ಜಂದಿರಾದವರೂ ಆತನನ್ನು ಬಸ್ ಮಾವ ಎಂದೇ ಕರೆಯುತ್ತಾರೆ. ಮದುವೆಯಾಗಿದ್ದ, ಹೆಂಡತಿ ತೀರಿಕೊಂಡಮೇಲೆ ತವರಾದ ನಮ್ಮ ಮನೆಗೆ ಒಂದು ಪೆಟ್ಟಿಗೆ, ಒಂದು ರೇಡಿಯೋ ಹಿಡಿದು ವಾಪಸಾದ. ಕೆತ್ತನೆಯಲ್ಲಿ ಆತನನ್ನು ಸರಿಗಟ್ಟುವವರು ನಮ್ಮ ಮೇಸಾದಲ್ಲಿ ಇಲ್ಲ. ಹತ್ತಿಮರದ ಬೇರು ಹಗುರ, ಮೆದು, ಆದರೆ ಎಳೆ ತಪ್ಪಿದರೆ ಸೀಳಿಬಿಡುತ್ತದೆ. ಅದರಲ್ಲಿ ಆತ ಬೆರಳಿನ ಗೆಣ್ಣು, ಕಾಲಿನ ನರ, ಗಾಳಿಗೆ ಹಾರುವ ಸೆರಗಿನ ಮಡಿಕೆ ಕೂಡ ತೆಗೆಯುತ್ತಿದ್ದ. ನಗರದ ಪ್ರದರ್ಶನದಲ್ಲಿ ಒಮ್ಮೆ ಮೊದಲ ಬಹುಮಾನದ ನೀಲಿ ಪಟ್ಟಿ ಸಿಕ್ಕಿತ್ತು. ಅದರಲ್ಲಿ ಈರುಳ್ಳಿ ಕಟ್ಟಿ ತೂಗುಹಾಕಿದ್ದ. ಆದರೆ ಬಂದವರ ಕಣ್ಣಿಗೆ ಬೀಳುವ ಕಡೆಯೇ ತೂಗುಹಾಕಿದ್ದ ಎನ್ನುವುದನ್ನೂ ಹೇಳಬೇಕು.

ಕೊಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು. ನಮ್ಮ ಮನೆಯಲ್ಲಿ ಯಾರೇ ಆ ಕಡೆ ಹೋದರೂ ಮೂಲೆಯಲ್ಲಿ ನಿಂತು ಹಾಡಿನ ಹಾಗೆ ಕೂಗಬೇಕು, ಒಳಗಿಂದ ಉತ್ತರ ಬಂದಮೇಲೆ ಹೋಗಬೇಕು. ನಾನು ಕೂಗಲಿಲ್ಲ. ಮಾವ ಮೊಣಕಾಲ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದ. ಕೀವಾದಲ್ಲಿ, ಅಂದರೆ ನೆಲದಡಿಯ ವ್ರತದ ಕೋಣೆಯಲ್ಲಿ, ಗಂಡಸರು ನಿದ್ದೆಗೆಟ್ಟು ಕೂರುವ ದಿನಗಳು ಅವು. ಭುಜದ ಮೇಲೆ ಕಂಬಳಿಯೊಂದನ್ನು ಯಾರೋ ಓರೆಕೋರೆಯಾಗಿ ಹೊದಿಸಿದ್ದರು. ನೂವಾಳ ಕಂಬಳಿ. ಪಾಪ, ಹೊದಿಸಲೆಂದೇ ಬಂದಿದ್ದಾಳೆ.

ಹಲಗೆಯ ಮೇಲೆ ಗೊಂಬೆ ನಿಂತಿತ್ತು. ಒಂದು ಕಾಲು ಎತ್ತಿ ಇನ್ನೇನು ನೆಲಕ್ಕೆ ಬಡಿಯಲಿದೆ ಎನ್ನುವ ಹಾಗೆ. ಚಳಿಗಾಲದಿಂದ ಆತ ಅದರ ಕೆಲಸಕ್ಕೆ ಕೂತಿದ್ದನೆಂದು ಅಮ್ಮ ಹೇಳಿದ್ದಳು, ನಾನು ನೋಡಿದ್ದು ಆಗಲೇ ಮೊದಲು. ಇಷ್ಟು ಚೆಂದದ್ದನ್ನು ನಾನು ಫೀನಿಕ್ಸ್ ನಗರದ ಗಾಜಿನ ಪೆಟ್ಟಿಗೆಗಳಲ್ಲೂ ಕಂಡಿರಲಿಲ್ಲ. ಒಂದು ಕೈ ಇನ್ನೂ ಅಂಟಿಸಿರಲಿಲ್ಲ, ಪಕ್ಕದಲ್ಲಿ ಮಲಗಿತ್ತು. ಹೊಟ್ಟೆಯ ನೀಲಿಯ ಮೇಲೆ ಪುಟ್ಟ ಬೆರಳಿನ ಗುರುತು, ಗೆರೆಗಳ ಸಮೇತ.

"ಮಾವಾ, ಏಳು. ಏಳು ಮಾವಾ. ನೂವಾ ಒಳಗೆ ಬಂದಿದ್ದಳು."

ಆತ ಎದ್ದ. ಕಂಬಳಿ ನೋಡಿದ. ಬೆರಳಚ್ಚು ನೋಡಿದ. ಮುಖ ಮೆಲ್ಲನೆ ಬೂದಿಬಣ್ಣಕ್ಕೆ ತಿರುಗಿತು.

"ಬಾಗಿಲು ಯಾಕೆ ತೆಗೆದಿಟ್ಟೆ?" ನನ್ನ ದನಿ ಕೀರಲಾಗಿತ್ತು.

"ಬಣ್ಣ ಒಣಗ್ತಿರಲಿಲ್ಲ. ಗಾಳಿ ಬರಲಿ ಅಂತ."

"ಒಣಗದೇ ಇರೋ ಬಣ್ಣ ಯಾಕೆ ಹಚ್ಚಿದೆ?"

ಉತ್ತರ ನನ್ನ ಹಿಂದಿನಿಂದ ಬಂತು. "ಯಾಕೆ ಅಂದ್ರೆ ಅಂಗಡಿ ಬಣ್ಣ ಹೊಳೆಯುತ್ತೆ ಕಣಮ್ಮ. ಇವನಿಗೆ ಹೊಳೆಯೋದು ಬೇಕು. ಮಣ್ಣಿನ ಬಣ್ಣ ಹಚ್ಚುತ್ತಲೇ ಒಣಗುತ್ತೆ, ಆದರೆ ಅದಕ್ಕೆ ಯಾರು ಪಟ್ಟಿ ಕೊಡ್ತಾರೆ?"

ಕ್ಲೆಟಾ. ನನ್ನ ಗಂಡನ ಅಕ್ಕ, ನೂವಾಳ ಸೋದರತ್ತೆ, ಅವಳಿಗೆ ನೂವಾ, ಅಂದರೆ ಹಿಮ, ಎಂದು ಹೆಸರಿಟ್ಟವಳು. ಪಕ್ಕದಲ್ಲೇ ಇರುವ ಅವಳ ಮನೆಗೆ ಅಮ್ಮ ಅಷ್ಟರಲ್ಲೇ ಸುದ್ದಿ ಮುಟ್ಟಿಸಿಯಾಗಿತ್ತು. ಮಾವನನ್ನು ಕೆಣಕದೆ ಅವಳಿಗೆ ಅನ್ನ ಇಳಿಯುವುದಿಲ್ಲ.

"ಬಾಯಿ ಮುಚ್ಚೇ ಮುದುಕಿ," ಅಂದ ಮಾವ. ಆದರೆ ಎಂದಿನ ಬಿಸಿ ಇರಲಿಲ್ಲ.

"ನನ್ನ ಸೊಸೆ ಕೈಗೆ ಇದೇ ಗೊಂಬೆ ಬಂತೋ, ನಿನ್ನ ಈರುಳ್ಳಿ ಪಟ್ಟಿಯಿಂದಾನೇ ನಿನ್ನ ಕಟ್ಟಿ ತೂಗುಹಾಕ್ತೀನಿ ನೋಡ್ತಿರು." ಅವಳ ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. "ಅವಳು ಕೂಗಲಿಲ್ಲ ಅಂದ್ರೂ ನಮ್ಮ ಟಿಯಾನಾ ಅವಳ ಬಾಯಿಂದ ಹೊರಡಿಸ್ತಾಳೆ." ಟಿಯಾನಾ ಕ್ಲೆಟಾಳ ಮೊಮ್ಮಗಳು, ಏಳು ವರ್ಷ. ಒಂದು ಮಾತು ಅವಳ ಕಿವಿಗೆ ಬಿದ್ದರೆ ಸಂಜೆಯೊಳಗೆ ಮೂರು ಊರು ದಾಟಿರುತ್ತದೆ.

ನಾನು ಹೇಳಿದೆ, "ನೂವಾಗೆ ನಾನೇ ಹೇಳಿಬಿಡಲಾ? ಮೆಲ್ಲಗೆ, ಅರ್ಥ ಆಗೋ ಹಾಗೆ. ಮಕ್ಕಳ ಹತ್ತಿರ ಸುಳ್ಳು ಹೇಳಬಾರದು ಅಂತ ಈಗ ಎಲ್ಲರೂ..."

"ಯಾರು ಸುಳ್ಳು ಹೇಳ್ತಿದ್ದಾರೆ?" ಮಾವ ಮೊದಲ ಸಲ ನನ್ನ ಮುಖ ನೋಡಿದ. "ಸುಳ್ಳು ನಾನೂ ಹೇಳಲ್ಲ. ಹೇಳೋ ದಿನ ಬಂದಾಗ ಹೇಳ್ತೀವಿ. ಕಾಯಿನ ಗುದ್ದಿ ಹಣ್ಣು ಮಾಡ್ತಾರೇನೇ?"

"ಹಾಗಾದ್ರೆ ಅವತ್ತು ಅವಳನ್ನ ಕರ್ಕೊಂಡು ಫೀನಿಕ್ಸಿಗೆ ಹೋಗಿಬಿಡ್ತೀನಿ. ಜ್ವರ ಅಂತ ಹೇಳಿದ್ರಾಯ್ತು."

"ಅವಳ ಹೆಸರಲ್ಲಿ ಗೊಂಬೆ ಬರುತ್ತೆ. ತಗೊಳ್ಳೋಕೆ ಅವಳು ಅಲ್ಲಿರಬೇಕು. ಮಳೆ ಬಂದ ದಿನ ಹೊಲಕ್ಕೆ ಕೊಡೆ ಹಿಡೀತೀಯಾ?"

ಆಮೇಲೆ ಆತ ಕೂತಲ್ಲೇ ಕೂತು, ಬೆರಳಚ್ಚನ್ನೇ ನೋಡುತ್ತ, ನಾನು ಅದುವರೆಗೆ ಕೇಳದ ಒಂದು ಮಾತು ಹೇಳಿದ.

"ನನ್ನನ್ನ ವಸತಿಶಾಲೆಗೆ ಹಾಕಿದಾಗ ನನಗೆ ಆರು ವರ್ಷ. ಅಲ್ಲಿ ಬೇರೆ ಊರಿನ ದೊಡ್ಡ ಹುಡುಗನೊಬ್ಬ ನನ್ನ ಪಕ್ಕದ ಮಂಚದಲ್ಲಿದ್ದ. ನಾನು ಮನೆ ನೆನೆಸಿಕೊಂಡು ಅಳ್ತಿದ್ದೆ, ಕಟ್ಸಿನಗಳು ಬಂದು ನನ್ನ ಕರ್ಕೊಂಡು ಹೋಗ್ತಾರೆ ಅಂತ ಹೇಳ್ಕೊಂಡು ಅಳ್ತಿದ್ದೆ. ಅವನಿಗೆ ನಿದ್ದೆ ಬರ್ತಿರಲಿಲ್ಲ. ನನ್ನ ಬಾಯಿ ಮುಚ್ಚಿಸೋಕೆ ಎಲ್ಲಾ ಹೇಳಿಬಿಟ್ಟ. ನಾನು ಬಾಯಿ ಮುಚ್ಚಿದೆ." ಭುಜದ ಮೇಲಿದ್ದ ಕಂಬಳಿ ತೆಗೆದು ಮಡಿಲಿಗೆ ಹಾಕಿಕೊಂಡ. "ಆಮೇಲೆ ನನ್ನ ದಿನ ಬಂತು. ನನ್ನ ಜೊತೆಯವರೆಲ್ಲ ನಡುಗಿದರು, ಅತ್ತರು, ಹೊರಗೆ ಬಂದಾಗ ಬೇರೆಯೇ ಮಕ್ಕಳಾಗಿದ್ದರು. ನಾನು ಮಾತ್ರ ಮುಗಿದರೆ ಸಾಕು ಅಂತ ಕೀವಾದಿಂದ ಹೊರಗೆ ಹತ್ತೋ ಏಣಿ ನೋಡ್ತಾ ಇದ್ದೆ. ಅವತ್ತು ಸಿಗಬೇಕಾಗಿದ್ದು ಆಮೇಲೆ ಎಷ್ಟು ಕೆತ್ತಿದರೂ ಸಿಗಲಿಲ್ಲ. ಬೆರಳಿಗೆ ಗೆಣ್ಣು ಮಾಡಿದೆ, ಉಗುರು ಮಾಡಿದೆ. ಸಿಗಲಿಲ್ಲ."

ಎದ್ದು, ಮೂಲೆಯಲ್ಲಿದ್ದ ತನ್ನ ಹಾಸಿಗೆಯ ಕೆಳಗಿನಿಂದ ಒಂದು ಒಣಬೇರು ಎಳೆದ. ಒಂದು ಮೊಳದಷ್ಟೂ ಉದ್ದವಿಲ್ಲ. ಅದನ್ನು, ಚಾಕುವನ್ನು, ಮಣ್ಣಿನ ಬಣ್ಣದ ಚಿಕ್ಕ ಚೀಲಗಳನ್ನು ಕಂಬಳಿಯಲ್ಲಿ ಸುತ್ತಿದ.

"ಎರಡು ದಿನದಲ್ಲಾ?" ಕ್ಲೆಟಾ ಕೇಳಿದಳು. "ಇದಕ್ಕೇ ಆರು ತಿಂಗಳು ತಗೊಂಡೆ. ನಿನ್ನ ಬೆರಳು ಬೆಳಿಗ್ಗೆ ಮಡಚೋದೇ ಇಲ್ಲ."

"ನೋಡೋಣ."

"ಇದನ್ನ ಎಲ್ಲಿ ಬಚ್ಚಿಡಲಿ?" ನಾನು ಹಲಗೆಯ ಮೇಲಿನ ಗೊಂಬೆಗೆ ಕೈ ಚಾಚಿದೆ.

"ಮುಟ್ಟಬೇಡ. ಅಲ್ಲೇ ಇರಲಿ. ಬಾಗಿಲೂ ಹಾಕಬೇಡ."

"ಹುಚ್ಚಾ ಮಾವಾ? ಅವಳು ಮತ್ತೆ ಬಂದು ನೋಡಿದ್ರೆ?"

"ನೋಡಲಿ. ಬಚ್ಚಿಟ್ಟರೆ ಹುಡುಕ್ತಾಳೆ." ಅಷ್ಟು ಹೇಳಿ ಕೀವಾದ ಕಡೆ ನಡೆದ. ಅಲ್ಲಿಗೆ ಇಳಿದಮೇಲೆ ಕುಣಿತದ ತನಕ ನಮ್ಮಂಥವರು ಆತನ ಜೊತೆ ಮಾತಾಡುವ ಹಾಗಿರಲಿಲ್ಲ.

ಆ ಎರಡು ದಿನ ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಸಾಬೂನು, ಅಡುಗೆ ಎಣ್ಣೆ, ಸೀಮೆಎಣ್ಣೆ, ಎಲ್ಲದರಲ್ಲೂ ಬೆರಳು ಉಜ್ಜಿದೆ. ಚರ್ಮ ಕೆಂಪಾಯಿತೇ ಹೊರತು ಉಗುರ ಸಂದಿಯ ನೀಲಿ ಹೋಗಲಿಲ್ಲ. ಕೊನೆಗೆ ಗಾಯದ ಪಟ್ಟಿಯೊಂದನ್ನು ಸುತ್ತಿದೆ. ಸಂಜೆಯೇ ಟಿಯಾನಾ ಬಂದಳು.

"ಏನಾಯ್ತು ನಿನ್ನ ಬೆರಳಿಗೆ?"

ನೂವಾ ನನ್ನನ್ನು ನೋಡಿದಳು.

"ಏನೂ ಆಗಿಲ್ಲ," ಅಂದಳು ನನ್ನ ಮಗಳು, ಹೆಮ್ಮೆಯಿಂದ. "ಆದರೂ ಅಮ್ಮ ಪಟ್ಟಿ ಹಾಕಿದ್ದಾಳೆ."

"ನಿಮ್ಮಮ್ಮ ಎಲ್ಲದಕ್ಕೂ ಹಾಕ್ತಾಳೆ. ನಮ್ಮಜ್ಜಿ ಹೇಳ್ತಾಳೆ, ನಿಮ್ಮಮ್ಮ ಗಾಳಿ ಬೀಸಿದ್ರೆ ಗಾಳಿಗೂ ಪಟ್ಟಿ ಹಾಕ್ತಾಳಂತೆ."

ಸದ್ಯ ಎಂದುಕೊಂಡೆ. ಜೀವಮಾನದಲ್ಲಿ ಮೊದಲ ಬಾರಿಗೆ ಕ್ಲೆಟಾಳ ಕುಹಕ ನನಗೆ ಉಪಕಾರಕ್ಕೆ ಬಂತು.

ಮರುದಿನ ನೂವಾ ಕಾಣಲಿಲ್ಲ. ನನಗೆ ಗೊತ್ತಿತ್ತು ಎಲ್ಲಿದ್ದಾಳೆಂದು. ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತು ಗೊಂಬೆಯ ಜೊತೆ ಮಾತಾಡುತ್ತಿದ್ದಳು. "ನಿಂಗೆ ಒಂದು ಕೈ ಯಾಕಿಲ್ಲ? ನೋಯುತ್ತಾ?" ನನ್ನನ್ನು ಕಂಡು ತಿರುಗಿದಳು. "ಅಮ್ಮಾ, ಇದು ಯಾರದ್ದು? ಇದು ನಂಗೇನಾ?"

ಸುಳ್ಳು ಹೇಳಲ್ಲ ಅಂದಿದ್ದ ಮಾವ. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಸುಳ್ಳು ಕುಣಿಯುತ್ತಿದ್ದವು. "ಮಾವನ ಕೊಟ್ಟಿಗೇಲಿ ಇರೋದು ಮಾವನದ್ದು," ಅಂದೆ. ಅದು ಸುಳ್ಳೋ ನಿಜವೋ ನನಗೇ ಗೊತ್ತಾಗಲಿಲ್ಲ. ಅವಳು ಬೆರಳಿನ ಪಟ್ಟಿಯನ್ನೂ ಗೊಂಬೆಯ ಹೊಟ್ಟೆಯನ್ನೂ ಒಂದಾದಮೇಲೊಂದು ನೋಡುತ್ತ ಕೂತೇ ಇದ್ದಳು. ಆ ನೋಟ ನನ್ನನ್ನು ಎಷ್ಟು ಹೆದರಿಸಿತೆಂದರೆ ಚೀಲಕ್ಕೆ ಅವಳ ಎರಡು ಜೊತೆ ಬಟ್ಟೆ ತುಂಬಿ, ಕಾರಿನ ಕೀಲಿ ಹುಡುಕಿದೆ. ಅಮ್ಮ ಕೀಲಿಯನ್ನು ಮೊದಲೇ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡಿದ್ದಳು. ಹಿಟ್ಟಿನ ಪಾತ್ರೆಯಿಂದ ತಲೆ ಎತ್ತದೆ, "ಎಲ್ಲಿಗೆ ಹೋದ್ರೂ ಬೆರಳು ಜೊತೆಗೇ ಬರುತ್ತಲ್ಲೇ" ಅಂದಳು.

ಕುಣಿತದ ಹಿಂದಿನ ಸಂಜೆ ಅಮ್ಮ ಕುರಿಮಾಂಸ ಹಾಕಿದ ಜೋಳದ ಸಾರನ್ನು ಕೀವಾದ ಬಾಯಿಗೆ ಒಯ್ದಳು. ಏಣಿಯ ತುದಿಯಲ್ಲಿ ಪಾತ್ರೆ ಇಸಿದುಕೊಳ್ಳಲು ಕೈಗಳು ಮೇಲೆ ಬರುತ್ತವೆ, ಮುಖ ಕಾಣುವುದಿಲ್ಲ. ವಾಪಸು ಬಂದವಳು ಚಪ್ಪಲಿ ಬಿಡದೆಯೇ ಕೂತುಬಿಟ್ಟಳು.

"ಏನಮ್ಮ?"

"ಅಣ್ಣನ ಕೈ ಬಂತು. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆ ಪೂರ್ತಿ ಕೆಂಪು."

"ಮುಗಿದಿದೆಯಂತಾ?"

"ಕೈ ಮಾತಾಡುತ್ತೇನೇ?"

ಮುಗಿಯದಿದ್ದರೆ ಎರಡೇ ದಾರಿ. ಊರಿನ ಹುಡುಗಿಯರಿಗೆಲ್ಲ ಗೊಂಬೆ ಬಂದು ನನ್ನ ಮಗಳೊಬ್ಬಳಿಗೆ ಬಾರದೆ ಹೋಗುವುದು, ನಾನು ಅವರಿಗೆ ಬೇಡವಾದೆ ಎಂದುಕೊಂಡು ಅವಳು ಬೆಳೆಯುವುದು. ಇಲ್ಲವೆ ಹಲಗೆಯ ಮೇಲಿನ ಗೊಂಬೆಗೆ ಕೈ ಅಂಟಿಸಿ, ಹೊಟ್ಟೆಗೆ ಇನ್ನೊಂದು ಪದರ ಬಳಿದು ತರುವುದು.

ಕುಣಿತದ ಬೆಳಿಗ್ಗೆ ಹೊರಡುವ ಮುಂಚೆ ಕೊಟ್ಟಿಗೆಗೆ ಹೋಗಿ ನೋಡಬೇಕೆನಿಸಿತು. ಹಲಗೆ ಖಾಲಿಯಿದ್ದರೆ? ನೋಡುವ ಧೈರ್ಯವಾಗಲಿಲ್ಲ.

ಸೂರ್ಯ ಮೇಲೇಳುವ ಹೊತ್ತಿಗೆ ಅಂಗಳದ ಸುತ್ತ ಮಡಿಸುವ ಕುರ್ಚಿಗಳು, ಚಾವಣಿಗಳ ಮೇಲೆ ಜನ. ಅವರು ಬಂದರು. ಬಂದ ಬಗೆಯನ್ನು ನಾನು ಬರೆಯುವುದಿಲ್ಲ. ಹೊಸ ಜೋಳದ ದಂಟುಗಳ ಹಸಿ ವಾಸನೆ, ನೂರು ಪಾದಗಳು ಒಂದೇ ಪಾದವಾಗಿ ನೆಲಕ್ಕೆ ಬಿದ್ದಾಗ ಕುರ್ಚಿಯ ಕಾಲಿನಿಂದ ನನ್ನ ಬೆನ್ನಿಗೆ ಏರಿದ ಕಂಪನ, ಇಷ್ಟು ಸಾಕು. ಯಾರೋ ಪ್ರವಾಸಿಯೊಬ್ಬ ಫೋನು ಎತ್ತಿದ್ದಕ್ಕೆ ಕ್ಲೆಟಾ ಎದ್ದುಹೋಗಿ ಅವನ ಮುಂದೆ ತನ್ನ ಅಗಲ ಬೆನ್ನು ಇಟ್ಟು ನಿಂತಳು. ನನ್ನ ಕಣ್ಣು ಮಾತ್ರ ಅವರು ಹೊತ್ತು ತಂದ ಜೊಂಡಿನ ಕಟ್ಟುಗಳ ಮೇಲಿತ್ತು. ಪ್ರತಿ ಜೊಂಡಿಗೂ ಒಂದು ಗೊಂಬೆ ಕಟ್ಟಿರುತ್ತದೆ. ಯಾವುದರಲ್ಲಿ ಏನಿದೆಯೋ ದೂರದಿಂದ ತಿಳಿಯುವುದಿಲ್ಲ.

ಹೆಸರು ಹಿಡಿದು ಕರೆಯುವುದಿಲ್ಲ ಅವರು, ಬಂದು ಎದುರು ನಿಲ್ಲುತ್ತಾರೆ. ಟಿಯಾನಾಗೆ ಸಿಕ್ಕಿತು. ಎದುರು ಮನೆಯ ಅವಳಿ ಹುಡುಗಿಯರಿಗೆ ಸಿಕ್ಕಿತು. ಬಾಣಂತಿಯ ಮಡಿಲಲ್ಲಿದ್ದ ಕೂಸಿಗೂ ಚಪ್ಪಟೆಯ ಪುಟ್ಟ ಗೊಂಬೆ ಸಿಕ್ಕಿತು. ನೂವಾ ನನ್ನ ಕುರ್ಚಿಯ ಹಿಂದೆ ಅಡಗಿ, ಒಂದು ಕಣ್ಣಲ್ಲಿ ನೋಡುತ್ತಿದ್ದಳು. ಕಟ್ಟು ಕರಗುತ್ತ ಬಂತು. ಕೊನೆಯ ಕೆಲವು ಜೊಂಡು. ಅಮ್ಮನ ಸುಟ್ಟ ಅಂಗೈ ನನ್ನ ಮೊಣಕಾಲು ಹಿಡಿದಿತ್ತು.

ನಮ್ಮ ಮುಂದೆ ನೆರಳು ಬಿತ್ತು.

ನಾನು ಅವಳನ್ನು ಮುಂದೆ ತಳ್ಳಿದೆ. ಅವಳು ಎರಡೂ ಕೈ ಚಾಚಿದಳು. ಜೊಂಡು ಅವಳ ಕೈಗೆ ಬಂತು. ನೆರಳು ಸರಿಯಿತು.

ನಾನು ಗೊಂಬೆ ನೋಡುವ ಮೊದಲೇ ಅವಳು ಅದನ್ನು ಎದೆಗೆ ಒತ್ತಿಕೊಂಡು ನೆಲಕ್ಕೆ ಕೂತುಬಿಟ್ಟಳು. ಆಮೇಲೆ ಹಲ್ಲಿನಿಂದ ಬೆರಳಿನ ಪಟ್ಟಿ ಕಿತ್ತಳು. ನೀಲಿ ಬೆರಳು ಹೊರಬಂತು. ಗೊಂಬೆಯನ್ನು ತಿರುಗಿಸಿ, ಹೊಟ್ಟೆಯನ್ನು ಬಿಸಿಲಿಗೆ ಹಿಡಿದು, ಮೂಗು ತಾಗುವಷ್ಟು ಹತ್ತಿರ ತಂದು ಹುಡುಕತೊಡಗಿದಳು.

"ಏನು ಹುಡುಕ್ತಿದ್ದೀಯ?" ಟಿಯಾನಾ ಬಗ್ಗಿದಳು.

"ನನ್ನ ಬೆರಳು."

"ಯಾವ ಬೆರಳು?"

ಸುತ್ತಲಿದ್ದ ನಾಲ್ಕಾರು ಮಕ್ಕಳು ತಿರುಗಿದರು. ಪ್ರವಾಸಿಯನ್ನು ಬಿಟ್ಟು ಬಂದಿದ್ದ ಕ್ಲೆಟಾ ಇಬ್ಬರ ನಡುವೆ ಬಗ್ಗಿ ಟಿಯಾನಾಳ ಭುಜ ಹಿಡಿದಳು.

ನೂವಾ ತಲೆ ಎತ್ತಿದಳು. ಹುಬ್ಬು ಗಂಟಿಕ್ಕಿತ್ತು. "ಇಲ್ಲ," ಅಂದಳು. "ಇದು ಬೇರೆ."

ಆಗ ನಾನು ಗೊಂಬೆ ನೋಡಿದೆ. ಹಳೆಯ ಕಾಲದ ಬಗೆ. ಒಂದೇ ಬೇರು, ಒಂದೇ ತುಂಡು. ಮೋಟು ಕಾಲು, ದೊಡ್ಡ ತಲೆ, ಎರಡೂ ಕೈ ಹೊಟ್ಟೆಯ ಮೇಲೆ ಮಡಚಿ ಒಡಲಿಗೇ ಸೇರಿಕೊಂಡಿವೆ. ಹೊಳಪಿಲ್ಲದ ಮಣ್ಣಿನ ಬಣ್ಣ, ಮುಟ್ಟಿದರೆ ಬೆರಳಿಗೆ ಹುಡಿ ಹತ್ತುವಂಥದ್ದು. ಗೆಣ್ಣಿಲ್ಲ, ಉಗುರಿಲ್ಲ. ಆದರೂ ಅದು ಸುಮ್ಮನೆ ನಿಂತು ಏನನ್ನೋ ಕೇಳಿಸಿಕೊಳ್ಳುತ್ತಿದೆ ಎನಿಸುತ್ತಿತ್ತು.

"ಹಾಗಾದ್ರೆ ಅದು ಮಾವನದ್ದೇ," ನೂವಾ ತನ್ನಷ್ಟಕ್ಕೆ ಹೇಳಿಕೊಂಡಳು.

"ಯಾವುದು ಮಾವನದ್ದು?" ಟಿಯಾನಾ ಬಿಡುವವಳಲ್ಲ.

"ಬಸ್ ಮಾವ ಇಲ್ವಾ, ಅವನೂ ಒಂದು ಮಾಡ್ತಿದ್ದಾನೆ. ಇವರದ್ದರ ಹಾಗೆ ಮಾಡೋಕೆ ನೋಡ್ತಿದ್ದಾನೆ." ನೂವಾ ದನಿ ತಗ್ಗಿಸಿದಳು, ಮನೆಯವರ ಕೊರತೆ ಹೇಳುವಾಗ ತಗ್ಗಿಸುವ ಹಾಗೆ. "ಆದರೆ ಪಾಪ, ಅವನಿಗೆ ಬರಲ್ಲ. ಕಾಲು ಎತ್ಕೊಂಡಿದೆ, ಬೀಳೋ ಹಾಗಿದೆ. ಕೈ ಬೇರೆ ಕಡೆ ಬಿದ್ದಿದೆ. ಇದು ನೋಡು, ಇದರ ಕೈ ಬೀಳೋದೇ ಇಲ್ಲ."

ಟಿಯಾನಾ ತನ್ನ ಗೊಂಬೆಯ ಕೈಗಳನ್ನು ಎಳೆದು ನೋಡಿದಳು. "ನಂದೂ ಬೀಳಲ್ಲ," ಅಂದಳು. ಅಲ್ಲಿಗೆ ಅವರ ಮಾತು ಮುಗಿಯಿತು. "ಅಯ್ಯಯ್ಯೋ, ನಿಮ್ಮ ಬಸ್ ಮಾವನಿಗೆ ಬಸ್ಸು ಬಿಟ್ಟು ಇನ್ನೇನು ಬರುತ್ತೆ?" ಎಂದು ಕ್ಲೆಟಾ ಗಟ್ಟಿಯಾಗಿ ನಕ್ಕಳು. ನಗುತ್ತ ಶಾಲಿನ ತುದಿಯಲ್ಲಿ ಕಣ್ಣೊತ್ತಿಕೊಂಡಳು. ನನಗೆ ನಗು ಬರಲಿಲ್ಲ. ಆಮೇಲೆ ನೆಲದಲ್ಲಿ ಬಿದ್ದಿದ್ದ ಪಟ್ಟಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡೆ, ಯಾಕೋ ಗೊತ್ತಿಲ್ಲ.

ಸಂಜೆ ಅವರು ಹೊರಟುಹೋದರು. ಪಶ್ಚಿಮದಲ್ಲಿ ಹಿಮಶಿಖರಗಳ ಮೇಲೆ ಮೋಡ ಕಟ್ಟಿತ್ತು. ಒಂದಷ್ಟು ಹೊತ್ತಿನ ಮೇಲೆ ಮರ್ವಿನ್ ಮಾವ ಮನೆಗೆ ಬಂದ. ನಡೆಯುವುದು ಕಷ್ಟವಾಗಿತ್ತು. ಮೇಜಿನ ಮುಂದೆ ಕೂತು ಸಾರಿಗೆ ಪಿಕಿ ಅದ್ದಿದ, ಬಾಯಿಗೆ ಒಯ್ಯುವುದರೊಳಗೆ ಕಣ್ಣು ಮುಚ್ಚಿಹೋಗುತ್ತಿತ್ತು.

"ಮಾವಾ! ದಿನವೆಲ್ಲಾ ಎಲ್ಲಿದ್ದೆ? ನೀನು ಏನೂ ನೋಡಲೇ ಇಲ್ಲ!" ನೂವಾ ಆತನ ಮೊಣಕಾಲು ಹಿಡಿದು ಅಲುಗಾಡಿಸಿದಳು.

"ಕೆಲಸ ಇತ್ತು ತಾಯಿ."

"ಬಾ, ತೋರಿಸ್ತೀನಿ." ಎಳೆದುಕೊಂಡು ಕೊಟ್ಟಿಗೆಗೇ ಹೋದಳು. ನಾನು ಹಿಂದೆಯೇ ಹೋದೆ. ಬಾಗಿಲು ಮೊದಲಿನಂತೆಯೇ ತೆರೆದಿತ್ತು. ಹಲಗೆಯ ಮೇಲೆ ಆ ಚೆಲುವಾದ ಗೊಂಬೆ ಒಂಟಿ ಕೈಯಲ್ಲಿ ಕಾಲೆತ್ತಿ ನಿಂತಿತ್ತು, ಹೊಟ್ಟೆಯ ಮೇಲೆ ಬೆರಳಚ್ಚು ಈಗ ಒಣಗಿ ಗಟ್ಟಿಯಾಗಿತ್ತು. ನೂವಾ ತನ್ನ ಗೊಂಬೆಯನ್ನು ಅದರ ಪಕ್ಕದಲ್ಲಿಟ್ಟಳು. ದೂರ ನಿಂತು ಎರಡನ್ನೂ ನೋಡಿದಳು. ಮಾವ ಅವಳನ್ನೇ ನೋಡುತ್ತಿದ್ದ. ಪ್ರದರ್ಶನದ ತೀರ್ಪುಗಾರರ ಮುಂದೆಯೂ ಆತ ಹಾಗೆ ನಿಂತಿರಲಿಕ್ಕಿಲ್ಲ.

ಆಗ ಅವಳ ಕಣ್ಣು ಆತನ ಎಡಗೈ ಮೇಲೆ ಬಿತ್ತು. "ಹೆಬ್ಬೆರಳಿಗೆ ಏನಾಯ್ತು?"

ಗಾಯ, ಚಾಕು, ಹೊಸ ಗೊಂಬೆ. ಎರಡಕ್ಕೆ ಎರಡು ಕೂಡಿಸಲು ಐದು ವರ್ಷ ಸಾಲದೇ?

ಮಾವ ಸುಳ್ಳು ಹೇಳಲಿಲ್ಲ. "ಕೆತ್ತುವಾಗ ಚಾಕು ಜಾರಿತು."

ನೂವಾ ಒಂಟಿ ಕೈಯ ಗೊಂಬೆಯನ್ನು ನೋಡಿದಳು, ಆತನ ಹೆಬ್ಬೆರಳನ್ನು ನೋಡಿದಳು. ನಿಟ್ಟುಸಿರು ಬಿಟ್ಟಳು, ಥೇಟು ನನ್ನ ಅಮ್ಮನ ಹಾಗೆ.

"ನಾನು ಹೇಳ್ದೆ ಅಲ್ವಾ ಅಮ್ಮಾ? ಮಾವಂಗೆ ಬರಲ್ಲ." ನನ್ನ ಕಡೆ ಕೈ ಚಾಚಿದಳು. "ಪಟ್ಟಿ ಕೊಡು."

ಜೇಬಿನಲ್ಲಿದ್ದ ಹಳೆಯ ಪಟ್ಟಿಯನ್ನೇ ಕೊಟ್ಟೆ. ಕೊಳೆ ಹತ್ತಿದ್ದು, ಸೋಂಕಾಗುತ್ತದೆ ಎಂದು ನನಗೆ ಹೊಳೆದದ್ದು ಅವಳು ಅದನ್ನು ಆತನ ಬೆರಳಿಗೆ ಸುತ್ತಿಯಾದ ಮೇಲೆ. ಆತ ಹಲಗೆಯ ಪಕ್ಕ ಕೂತು ಹೆಬ್ಬೆರಳು ಚಾಚಿದ್ದ.

"ಇವತ್ತು ಒಂದು ದಿನ ಇದನ್ನ ನಿನ್ನ ಹತ್ರ ಬಿಟ್ಟಿರ್ತೀನಿ," ನೂವಾ ತನ್ನ ಗೊಂಬೆಯನ್ನು ಆತನ ಮಡಿಲಲ್ಲಿಟ್ಟಳು. "ನೋಡ್ಕೊಂಡು ಕಲಿ. ಕೈ ಹೇಗೆ ಮಾಡಿದ್ದಾರೆ ನೋಡು. ಅಂಟಿಸಬಾರದು ಮಾವಾ, ಅದರಲ್ಲೇ ಇರಬೇಕು."

"ಆಗಲಿ," ಅಂದ ಮಾವ.

"ಬೇಜಾರು ಮಾಡ್ಕೋಬೇಡ. ಅವರು ತುಂಬಾ ವರ್ಷದಿಂದ ಮಾಡ್ತಿದ್ದಾರೆ."

"ಹೌದು ತಾಯಿ. ತುಂಬಾ ವರ್ಷದಿಂದ."

ಅವಳು ಅಂಗಳಕ್ಕೆ ಓಡಿದಳು. ಮರುದಿನದಿಂದ ಊರಿನ ಮಕ್ಕಳೆಲ್ಲ ಕೊಟ್ಟಿಗೆಯ ಹೊಸ್ತಿಲಿಗೆ ಬಂದು, ಬಸ್ ಮಾವನಿಗೆ ಬಾರದ ಗೊಂಬೆಯನ್ನು ನೋಡಿ, ಪಾಪ ಎಂದು ಹೋಗುವವರಿದ್ದರು. ಆ ಒಂಟಿ ಕೈ ಇವತ್ತಿಗೂ ಹಲಗೆಯ ಮೇಲೆಯೇ ಮಲಗಿದೆ. ಆತ ಅಂಟಿಸಲಿಲ್ಲ, ನೂವಾಳ ದಿನ ಬರುವ ತನಕ ಅಂಟಿಸುವುದೂ ಇಲ್ಲ. ಕ್ಲೆಟಾ ಬಂದಾಗಲೆಲ್ಲ, "ಕಲಿತೆಯೇನೋ ಇಷ್ಟರಲ್ಲಿ?" ಎಂದು ಕೇಳುತ್ತಾಳೆ.

ಆದರೆ ಆ ಸಂಜೆ ನಾನು ಬಾಗಿಲಲ್ಲೇ ನಿಂತಿದ್ದೆ. ಔಷಧಿ ಹಚ್ಚಿ ಬೇರೆ ಪಟ್ಟಿ ಹಾಕೋಣ, ಕೊಡು ಮಾವ ಎಂದು ಹೇಳಲು ಬಾಯಿ ತೆರೆದಿದ್ದೆ. ಆತ ನನ್ನ ಕಡೆ ನೋಡಲಿಲ್ಲ. ಮಡಿಲಲ್ಲಿದ್ದ ಗೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೊದಲ ಸಲ ನೋಡುವವನ ಹಾಗೆ, ಮುಖದ ಹತ್ತಿರ ಹಿಡಿದಿದ್ದ. ಕೊಟ್ಟಿಗೆಯ ತಗಡಿನ ಮೇಲೆ ಮೊದಲ ಹನಿ ಬಿತ್ತು. ಒಗೆದ ಬಟ್ಟೆ ಹೊರಗಿದ್ದದ್ದು ನೆನಪಾಗಿ ನಾನು ಓಡಿದೆ.